ಕುರಿಯ ಚರ್ಮ ಕೆರೆದು ನೋಡಿ, ಆಮೇಲೆ ಮದ್ದು ಕೊಡಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದ ಮೇಲೆ ನಮ್ಮ ಸುತ್ತಲಿನ ಹಟ್ಟಿಗಳಲ್ಲಿ ಕುರಿಗಳಿಗೆ ಕಜ್ಜಿ ಕಾಣಿಸಿಕೊಂಡಿದೆ. ವಾಹನ ರಿಪೇರಿ ಅಂಗಡಿಯಿಂದ ಸುಟ್ಟ ಎಂಜಿನ್ ಎಣ್ಣೆ ತಂದು ಬಳಿಯುವುದು, ಔಷಧ ಅಂಗಡಿಯಿಂದ ನುಸಿ, ಹುಳು ಕೊಲ್ಲುವ ಐವರ್‌ಮೆಕ್ಟಿನ್ ಬಾಟಲಿ ತಂದು ಕಣ್ಣಂದಾಜಿನಲ್ಲಿ ಚುಚ್ಚುವುದು, ಎರಡೂ ಧಾರಾಳವಾಗಿ ನಡೆಯುತ್ತಿವೆ. ನಾನು ಪಶುಪಾಲನಾ ಇಲಾಖೆಯಲ್ಲಿ ಪರೀಕ್ಷಕನಾಗಿದ್ದು ನಿವೃತ್ತನಾದವನು. ಈಗಲೂ ಪೆರ್ಡೂರು, ಹಿರಿಯಡ್ಕದ ಆಸುಪಾಸಿನವರು ಕರೆದರೆ ಹೋಗಿ ನೋಡಿ ಬರುತ್ತೇನೆ. ಈ ಮಳೆಗಾಲದಲ್ಲಿ ಕಂಡದ್ದನ್ನು ಬರೆಯದೆ ಇರಲು ಮನಸ್ಸು ಒಪ್ಪಲಿಲ್ಲ.

ಕರಾವಳಿ ಮೊದಲಿನಿಂದಲೂ ಕುರಿಯ ಸೀಮೆಯಲ್ಲ. ವರ್ಷಕ್ಕೆ ಹೆಚ್ಚುಕಡಿಮೆ 4000 ಮಿ.ಮೀ. ಮಳೆ ಸುರಿಯುವ ನೆಲದಲ್ಲಿ ಉಣ್ಣೆ ಹೊದ್ದ ಪ್ರಾಣಿಗೆ ಸುಖವಿಲ್ಲ. ನಮ್ಮ ಹಿರಿಯರು ಸಾಕಿದ್ದು ಆಡು. ಕುರಿ ಬರುವುದು ಬಾಗಲಕೋಟೆ, ಕೊಪ್ಪಳ, ಹಾವೇರಿ ಕಡೆಯಿಂದ, ಲಾರಿಗಳಲ್ಲಿ, ಬಹುಪಾಲು ಮಾಂಸಕ್ಕಾಗಿ. ಬಕ್ರೀದ್ ಕಳೆದ ಮೇಲೆ ಉಳಿದವನ್ನು ವ್ಯಾಪಾರಿಗಳು ಅಗ್ಗದ ಬೆಲೆಗೆ ಬಿಡುತ್ತಾರೆ. ಅವನ್ನು ಸಾಕಲೆಂದು ಕೊಳ್ಳುವ ಯುವಕರೂ ಸ್ವಸಹಾಯ ಸಂಘದ ಹೆಂಗಸರೂ ಈಗ ನಮ್ಮ ಕಡೆ ಇದ್ದಾರೆ. ಒಳ್ಳೆಯದೇ. ಆದರೆ ಕುರಿಯ ಜೊತೆಗೆ ಕಜ್ಜಿ ಹುಟ್ಟಿಸುವ ನುಸಿಯೂ ಘಟ್ಟ ಇಳಿದು ಬರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳುತ್ತಿಲ್ಲ.

ಇತ್ತೀಚೆಗೆ ಹೋಗಿದ್ದ ಒಂದು ಹಟ್ಟಿಯಲ್ಲಿ ಡೆಕ್ಕನಿ ತಳಿಯ ಕುರಿಗಳು ಅಡಿಕೆ ದಬ್ಬೆಯ ಅಟ್ಟಣಿಗೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಕೆಂಪುಕಲ್ಲಿನ ಕಂಬಕ್ಕೆ ಮೈ ತಿಕ್ಕಿ ತಿಕ್ಕಿ, ಕಲ್ಲಿನ ಒರಟು ಮೈಯಲ್ಲೆಲ್ಲ ಉಣ್ಣೆಯ ಎಳೆಗಳು ಸಿಕ್ಕಿಕೊಂಡಿದ್ದವು. ಒಂದು ಹೆಣ್ಣು ಕುರಿಯ ಹೆಗಲ ಬಳಿ ಉಣ್ಣೆ ಬಿಡಿಸಿ ನೋಡಿದರೆ ಅಂಗೈ ಅಗಲದ ಹಳದಿ ಹಕ್ಕಳೆ, ಅದರ ಸುತ್ತ ಕೆಂಪಗೆ ಜಿನುಗುವ ಚರ್ಮ. ಅಲ್ಲಿ ಬೆರಳಿನಿಂದ ಕೆರೆದ ಕೂಡಲೇ ಕುರಿ ಕತ್ತು ಎತ್ತಿ ತುಟಿ ಅದುರಿಸುತ್ತಾ ಗಾಳಿಯಲ್ಲೇ ಏನನ್ನೋ ಮೆಲ್ಲುವಂತೆ ಬಾಯಾಡಿಸತೊಡಗಿತು. ತಡೆಯಲಾಗದ ತುರಿಕೆಯ ಗುರುತು ಅದು. ಅದರ ಪಕ್ಕದ ಕುರಿಯ ಬೆನ್ನಿಗೆ ಸುಟ್ಟ ಎಣ್ಣೆ ಬಳಿದು ಚರ್ಮ ಬಿರಿದು ಹೋಗಿತ್ತು. ಅದು ಮೇವು ಮುಟ್ಟುತ್ತಿರಲಿಲ್ಲ.

ಹಕ್ಕಳೆಯ ಅಂಚನ್ನು ಕೆರೆದು ತಂದು ಸೂಕ್ಷ್ಮದರ್ಶಕದ ಅಡಿಯಲ್ಲಿ ಇಟ್ಟಾಗ ಕಂಡದ್ದು ಸೋರಾಪ್ಟಿಸ್ ಓವಿಸ್ ಎಂಬ ನುಸಿ. ಇದರ ಹೆಣ್ಣು ಮುಕ್ಕಾಲು ಮಿಲಿಮೀಟರಿನಷ್ಟಿರುತ್ತದೆ, ಎಂಟು ಕಾಲು. ಇದು ಚರ್ಮವನ್ನು ಕೊರೆದು ಒಳಗೆ ಹೋಗುವುದಿಲ್ಲ. ಮೇಲೆಯೇ ಇದ್ದು ಚರ್ಮವನ್ನು ಉಜ್ಜಿ ಕೆಣಕುತ್ತದೆ. ಹೆಚ್ಚಿನ ಹಾನಿ ಮಾಡುವುದು ಅದರ ಹಿಕ್ಕೆ. ಆ ಹಿಕ್ಕೆಗೆ ಕುರಿಯ ಮೈ ಅಲರ್ಜಿಯಿಂದ ಸಿಡಿದೇಳುತ್ತದೆ, ಚರ್ಮ ಊದಿ ರಸ ಒಸರುತ್ತದೆ, ನುಸಿ ಆ ರಸವನ್ನೇ ಉಣ್ಣುತ್ತದೆ. ರಸ ಒಣಗಿ ಹಕ್ಕಳೆಯಾದಲ್ಲಿ ಅದಕ್ಕೆ ಮೇವಿಲ್ಲ. ಹಾಗಾಗಿ ಹಸಿ ಅಂಚಿಗೆ ಸರಿಯುತ್ತದೆ, ಗಾಯ ಹರಡುತ್ತಾ ಹೋಗುತ್ತದೆ. ಮೊಟ್ಟೆಯಿಂದ ಮೊಟ್ಟೆ ಇಡುವ ಹೆಣ್ಣಾಗಲು ಎರಡು ವಾರ ಸಾಕು. ತುರಿಕೆಯಿಂದ ಮೇಯಲಾಗದೆ, ಮಲಗಲಾಗದೆ ಕುರಿ ಸೊರಗುತ್ತದೆ. ರೋಗ ವಿಪರೀತಕ್ಕೆ ಹೋದರೆ ಮುಟ್ಟಿದೊಡನೆ ಸೆಟೆದು ಬೀಳುವುದೂ ಉಂಟು.

‘ಕೊಳ್ಳುವಾಗ ಚೆನ್ನಾಗಿಯೇ ಇತ್ತಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ ಇರಬಹುದು. ಬೇಸಿಗೆಯಲ್ಲಿ ಈ ನುಸಿ ಕಿವಿಯೊಳಗೆ, ಕಣ್ಣಿನ ಕೆಳಗಿನ ಗುಳಿಯಲ್ಲಿ, ತೊಡೆಸಂದಿಯ ಮಡಿಕೆಯಲ್ಲಿ ಅಡಗಿ ಕುಳಿತಿರುತ್ತದೆ. ಹವೆ ತಂಪಾಗಿ, ಆಟಿಯ ಮಳೆಗೆ ಗುಡ್ಡಕ್ಕೆ ಬಿಡಲಾಗದೆ ಕುರಿಗಳೆಲ್ಲ ಒಂದೇ ಹಟ್ಟಿಯಲ್ಲಿ ತುಂಬಿಕೊಂಡಾಗ ಹೊರಗೆ ಬರುತ್ತದೆ. ಒಂದರ ಮೈಯಲ್ಲಿ ಕಂಡಿತೆಂದರೆ ಉಳಿದವಕ್ಕೂ ತಗುಲಿದೆ ಎಂದೇ ತಿಳಿಯಬೇಕು. ಕಜ್ಜಿ ಕಂಡ ಕುರಿಗೆ ಮಾತ್ರ ಮದ್ದು ಕೊಟ್ಟರೆ ಹಣ ಹೋಗುತ್ತದೆ, ಕಜ್ಜಿ ಉಳಿಯುತ್ತದೆ. ಕುರಿಯ ಮೈ ಬಿಟ್ಟ ನುಸಿ ಕಂಬದಲ್ಲಿ, ದಬ್ಬೆಯ ಸಂದಿನಲ್ಲಿ 16–17 ದಿನದವರೆಗೂ ಬದುಕಬಲ್ಲದು. ಆದ್ದರಿಂದ ಮದ್ದಾದ ಕುರಿಗಳನ್ನು ಅಷ್ಟು ದಿನ ಬೇರೆ ಜಾಗದಲ್ಲಿ ಕಟ್ಟಬೇಕು.

ಇನ್ನು ಮದ್ದಿನ ವಿಚಾರ. ಮಳೆಗಾಲದಲ್ಲಿ ಕುರಿಯ ಚರ್ಮ ಕೆಡಲು ನುಸಿಯೊಂದೇ ಕಾರಣವಲ್ಲ. ನೆನೆದ ಉಣ್ಣೆ ಗಂಟುಗಂಟಾಗಿ ಹಕ್ಕಳೆಯ ಸಮೇತ ಕಿತ್ತು ಬರುತ್ತಿದ್ದು ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಅದು ಡರ್ಮಟೋಫಿಲೋಸಿಸ್ ಇರಬಹುದು. ಬ್ಯಾಕ್ಟೀರಿಯಾದ ಕಾಯಿಲೆ, ಐವರ್‌ಮೆಕ್ಟಿನ್ ಅದನ್ನು ಮುಟ್ಟುವುದೇ ಇಲ್ಲ. ಹೇನಿನಲ್ಲಿ ರಕ್ತ ಹೀರದೆ ಚರ್ಮದ ಹೊಟ್ಟು ತಿನ್ನುವ ಜಾತಿಯೊಂದಿದೆ. ಅದಕ್ಕೂ ಈ ಚುಚ್ಚುಮದ್ದು ಸರಿಯಾಗಿ ತಾಗುವುದಿಲ್ಲ. ನುಸಿಯಲ್ಲೂ ಬಗೆಗಳಿವೆ. ಸಾರ್ಕಾಪ್ಟಿಸ್ ಚರ್ಮದೊಳಗೆ ಸುರಂಗ ಕೊರೆಯುತ್ತದೆ, ಕುರಿಯಲ್ಲಿ ಉಣ್ಣೆಯಿಲ್ಲದ ಮುಖ, ಕಿವಿಗಳಲ್ಲಿ ಕಾಣಿಸುತ್ತದೆ. ಕೋರಿಯಾಪ್ಟಿಸ್ ಕಾಲಿಗೆ ಬರುತ್ತದೆ, ಟಗರಿನ ವೃಷಣ ಚೀಲಕ್ಕೆ ಹಬ್ಬಿದರೆ ಬೀಜ ಕೆಡುತ್ತದೆ. ಸಾರ್ಕಾಪ್ಟಿಸ್ ಆರೈಕೆ ಮಾಡುವವರ ಮೈಗೂ ಹತ್ತುತ್ತದೆ. ಕುರಿ ಹಿಡಿಯುವ ಮನೆಯಾಕೆಯ ಮುಂಗೈಯಲ್ಲಿ ತುರಿಸುವ ಗುಳ್ಳೆ ಕಂಡರೆ ವೈದ್ಯರಿಗೆ ಕುರಿಯ ಸಂಗತಿಯನ್ನೂ ಹೇಳಬೇಕು. ಅದು ಮನುಷ್ಯರ ಚರ್ಮದಲ್ಲಿ ಸಂತಾನ ಬೆಳೆಸಲಾರದು. ಕುರಿಗೆ ಗುಣವಾದರೆ ಇವರಿಗೂ ಇಳಿಯುತ್ತದೆ.

ಇವೆಲ್ಲವನ್ನೂ ಬೇರ್ಪಡಿಸಿ ಹೇಳಲು ದೊಡ್ಡ ಪ್ರಯೋಗಾಲಯ ಬೇಡ. ಒಂದು ಬ್ಲೇಡು, ಹತ್ತು ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಒಂದು ಸೂಕ್ಷ್ಮದರ್ಶಕ, ಅರ್ಧ ಗಂಟೆ. ನುಸಿಯೇ ಎಂದು ಖಚಿತವಾದರೆ ಐವರ್‌ಮೆಕ್ಟಿನ್ ಒಳ್ಳೆಯ ಮದ್ದು. ಆದರೆ ಲೆಕ್ಕ ಬೇಕು: ಒಂದು ಕಿಲೋ ತೂಕಕ್ಕೆ 0.2 ಮಿಲಿಗ್ರಾಂ. ಅಂದರೆ 25 ಕಿಲೋ ಕುರಿಗೆ ಒಂದು ಶೇಕಡಾ ದ್ರಾವಣ ಅರ್ಧ ಮಿಲಿಲೀಟರು ಮಾತ್ರ, ಅದೂ ಚರ್ಮದ ಅಡಿಗೆ. ಎರಡೆರಡು ಮಿಲಿಲೀಟರು ಚುಚ್ಚಿದವರನ್ನು ಕಂಡಿದ್ದೇನೆ. ಒಂದೇ ಸಲಕ್ಕೆ ಸೋರಾಪ್ಟಿಸ್ ಸಾಯುವುದಿಲ್ಲ. ವಾರದ ಬಳಿಕ ಎರಡನೆಯ ಚುಚ್ಚುಮದ್ದು ಬೇಕು. ಮದ್ದು ಕೊಟ್ಟ ಕುರಿಯನ್ನು ಲೇಬಲ್ಲಿನಲ್ಲಿ ಬರೆದಷ್ಟು ದಿನ ಕಳೆಯದೆ ಮಾಂಸಕ್ಕೆ ಮಾರುವುದು ತಿನ್ನುವವರಿಗೆ ಮಾಡುವ ದ್ರೋಹ. ಸುಟ್ಟ ಎಂಜಿನ್ ಎಣ್ಣೆಯನ್ನಂತೂ ದಯವಿಟ್ಟು ಮುಟ್ಟಬೇಡಿ. ಅದರಲ್ಲಿ ಎಂಜಿನ್ ಸವೆದ ಲೋಹದ ಕಣಗಳಿವೆ, ಸುಟ್ಟ ರಾಸಾಯನಿಕಗಳಿವೆ. ಕುರಿ ಮೈ ನೆಕ್ಕುತ್ತದೆ, ಮರಿ ಕೆಚ್ಚಲಿಗೆ ಬಾಯಿ ಹಾಕುತ್ತದೆ.

ಇಲಾಖೆಯವರಲ್ಲೂ ಜಿಲ್ಲಾಡಳಿತದಲ್ಲೂ ನನ್ನ ಕೇಳಿಕೆ ಇದೆ. ಪ್ರಾಣಿಗಳ ಸಾಗಾಟದ 1978ರ ನಿಯಮಗಳ ಪ್ರಕಾರ, ಆರು ಗಂಟೆಗಿಂತ ಹೆಚ್ಚಿನ ಪ್ರಯಾಣಕ್ಕೆ ಹತ್ತಿಸುವ ಕುರಿ-ಆಡುಗಳ ಜೊತೆಗೆ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಇರಬೇಕು; ಸಾಂಕ್ರಾಮಿಕ ರೋಗ ಮಾತ್ರವಲ್ಲ, ಪರೋಪಜೀವಿ ರೋಗವೂ ಇಲ್ಲವೆಂದು ಅದರಲ್ಲಿ ಇರಬೇಕು. ಬಾಗಲಕೋಟೆಯಿಂದ ಉಡುಪಿಗೆ ಬರುವ ಲಾರಿಗೆ ಆರು ಗಂಟೆ ಸಾಲದು. ಆ ಕಾಗದವನ್ನು ಇಲ್ಲಿ ಇಳಿಸುವಾಗ ಕೇಳಿ ನೋಡುವವರು ಯಾರು? ಬ್ರಿಟನ್ನಿನಲ್ಲಿ 1952ರಲ್ಲಿ ಪೂರ್ತಿ ಅಳಿಸಿಹಾಕಿದ್ದ ಇದೇ ಕಜ್ಜಿ 1973ರಲ್ಲಿ ಮರಳಿ ಬಂದು ಇಂದಿಗೂ ಹೋಗಿಲ್ಲ.

ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನವಾದರೂ ಚರ್ಮ ಪರೀಕ್ಷೆಗೆ ಮೀಸಲಿಟ್ಟು ಪ್ರಕಟಿಸಿದರೆ ಸಾಕು, ಜನ ಬರುತ್ತಾರೆ. ಹಟ್ಟಿಗೇ ಬಂದು ನೋಡಬೇಕಾದಲ್ಲಿ 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನ ಬರುತ್ತದೆ. ಆ ವಾಹನದ ಸಿಬ್ಬಂದಿಗೆ ಕೆರೆದ ಮಾದರಿ ಸಂಗ್ರಹಿಸಿ ತಾಲ್ಲೂಕಿಗೆ ತಲುಪಿಸುವ ಸೂಚನೆ ಕೊಡಬೇಕು. ಕುರಿ ಕೊಂಡವರು ಅದನ್ನು ಹಳೆಯ ಕುರಿಗಳ ಜೊತೆ ಸೇರಿಸದೆ ಮೂರು ವಾರ ಪ್ರತ್ಯೇಕ ಕಟ್ಟಿ, ಆ ಅವಧಿಯಲ್ಲೇ ಈ ಪರೀಕ್ಷೆ ಮಾಡಿಸಿಕೊಳ್ಳಲಿ.

ಇತಿ,
ನಿವೃತ್ತ ಪಶುವೈದ್ಯಕೀಯ ಪರೀಕ್ಷಕ,
ಹಿರಿಯಡ್ಕ, ಉಡುಪಿ