ಆ ಫಲಕ ಬರೆದವನು ನೀನು

ಪ್ರಿಯ ಗೆಳೆಯಾ,

ಮೊದಲು ಛತ್ರಿಯ ವಿಚಾರ. ಅದು ಕ್ಷೇಮವಾಗಿದೆ, ಇನ್ನೂ ನನ್ನ ಬಳಿಯೇ ಇದೆ.

ಕಳೆದ ಭಾನುವಾರ ನ್ಯೂಯಾರ್ಕಿನ ಪಶ್ಚಿಮ ಹಾರ್ಲೆಮ್‌ಗೆ ಹೋಗಿದ್ದೆ. ಹಡ್ಸನ್ ನದಿಯ ದಂಡೆಯಲ್ಲಿ 28 ಎಕರೆಯ ಉದ್ಯಾನವಿದೆ. ಮಕ್ಕಳು ಚೆಂಡಾಡುತ್ತಿದ್ದರು, ವಯಸ್ಸಾದವರು ಬೆಂಚಿನ ಮೇಲೆ ಕುಳಿತು ಸ್ಪ್ಯಾನಿಷ್‌ನಲ್ಲಿ ಹರಟುತ್ತಿದ್ದರು. ಆ ಹುಲ್ಲುಹಾಸು ಇರುವುದು ನೆಲದ ಮೇಲಲ್ಲ, ಕೊಳಚೆ ನೀರು ಶುದ್ಧೀಕರಣ ಘಟಕದ ಚಾವಣಿಯ ಮೇಲೆ. ಘಟಕವನ್ನು ಮೊದಲು ಯೋಚಿಸಿದ್ದು ಇನ್ನೂ ದಕ್ಷಿಣಕ್ಕೆ, ಅನುಕೂಲಸ್ಥರ ಬಡಾವಣೆಯ ಪಕ್ಕದಲ್ಲಿ. ಕೊನೆಗೆ ಅದು ಬಂದು ಕೂತದ್ದು ಕಪ್ಪು ಜನರ ಮತ್ತು ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೊ ಜನರ ಬಾಗಿಲಿಗೆ. 1986ರಲ್ಲಿ ಅದು ಶುರುವಾದ ಮೇಲೆ ನಾತ ತಡೆಯಲಾಗಲಿಲ್ಲ. 1988ರ ಜನವರಿಯಲ್ಲಿ ಊರಿನವರು ರಸ್ತೆ ತಡೆದರು, ಏಳು ಮಂದಿಯ ಬಂಧನವಾಯಿತು. ಮ್ಯಾನ್‌ಹಟ್ಟನ್‌ನ ಡೀಸೆಲ್ ಬಸ್ ಡಿಪೊಗಳಲ್ಲಿ ಹೆಚ್ಚಿನವು ಇದ್ದದ್ದೂ ಈ ಉತ್ತರದ ಕಡೆಗೇ. ಇಲ್ಲಿನ ಮಕ್ಕಳಿಗೆ ಆಸ್ತಮಾ ಹೊಸದಲ್ಲ.

ಈ ಗಾಳಿಯಲ್ಲಿ ಬೆಳೆದವಳು ಡ್ಯಾಫ್ನಿ ಫ್ರಿಯಾಸ್. ಲ್ಯಾಟಿನಾ ತರುಣಿ, ಹವಾಮಾನ ಬದಲಾವಣೆಯ ವಿಷಯದಲ್ಲಿ ಹೋರಾಡುವವಳು. ನಿನ್ನ ಹಾಗೆಯೇ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ, ಓಡಾಟಕ್ಕೆ ಗಾಲಿಕುರ್ಚಿ. ‘ವಿಶೇಷಚೇತನ’ ಎಂದವರನ್ನು ನೀನು ತಿದ್ದುತ್ತೀಯಲ್ಲ, ಆಕೆಯೂ ಅಂಗವಿಕಲೆ ಎಂದೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಆಕೆ ಹವಾಮಾನದ ಬಗ್ಗೆ ಮಾತನಾಡುವಾಗ ಅಂಗವಿಕಲರ ಮಾತು ಬಂದೇ ಬರುತ್ತದೆ. ಯಾಕೆ ಬರಬೇಕು ಎಂಬುದು ಈ ನಗರಕ್ಕೆ ಚೆನ್ನಾಗಿ ಗೊತ್ತು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದು ವಿದ್ಯುತ್ ಹೋಯಿತು, ಲಿಫ್ಟುಗಳು ನಿಂತವು. ಗಾಲಿಕುರ್ಚಿಯವರು ಎತ್ತರದ ಮನೆಗಳಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದರು. ನಗರದ ವಿಪತ್ತು ಯೋಜನೆಯಲ್ಲಿ ಅಂಗವಿಕಲರನ್ನು ಕಡೆಗಣಿಸಲಾಗಿದೆ, ಇದು ಕಾನೂನಿನ ಉಲ್ಲಂಘನೆ ಎಂದು ಮರುವರ್ಷ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತು.

ಇಷ್ಟನ್ನೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಆಕೆಯ ಬಗ್ಗೆ ಓದಿದ ಒಂದು ಸಂಗತಿ ನನ್ನನ್ನು ಬಿಡುತ್ತಿಲ್ಲ. 2018ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿಗೆ 17 ಮಂದಿ ಸತ್ತರು. ಆಗ ಕಾಲೇಜಿನಲ್ಲಿದ್ದ ಡ್ಯಾಫ್ನಿ ಬಸ್ಸು ಗೊತ್ತುಮಾಡಿ ನೂರಕ್ಕೂ ಹೆಚ್ಚು ಸಹಪಾಠಿಗಳನ್ನು ಪ್ರತಿಭಟನಾ ಮೆರವಣಿಗೆಗೆ ಕರೆದೊಯ್ದಳು. ಆಕೆಯ ಹೋರಾಟ ಶುರುವಾದದ್ದು ಅಲ್ಲಿಂದ.

ಅದನ್ನು ಓದಿದಾಗ ನನಗೆ 2016ರ ಅಕ್ಟೋಬರ್ ನೆನಪಾಯಿತು. ಉಕ್ಕಿನ ಮೇಲ್ಸೇತುವೆ ಬೇಡವೆಂದು ಬೆಂಗಳೂರಿನಲ್ಲಿ ಮಾನವ ಸರಪಳಿ. ಕಡಿಯಲಿದ್ದ ಮರಗಳು 812 ಎಂಬ ಲೆಕ್ಕ ನಿನಗೆ ಬಾಯಿಪಾಠವಾಗಿತ್ತು. ಹಿಂದಿನ ರಾತ್ರಿ ನೀನು ಎಡಗೈಯಲ್ಲಿ ಕುಂಚ ಹಿಡಿದು ‘ಬೇಡ’ ಎಂಬ ಎರಡೇ ಅಕ್ಷರ ಬರೆಯಲು ಒಂದು ಗಂಟೆ ತೆಗೆದುಕೊಂಡೆ. ಡಕಾರದ ಬಾಲ ಹಲಗೆಯ ಅಂಚು ದಾಟಿತ್ತು. ಬೆಳಿಗ್ಗೆ ನಾನು ಹೇಳಿದೆ, ‘ನೀನು ಬರಬೇಡ, ಬಿಸಿಲು, ನೂಕುನುಗ್ಗಲು, ನಿನಗೆ ಕಷ್ಟವಾಗುತ್ತದೆ.’

ಅದು ಸುಳ್ಳು, ಗೆಳೆಯಾ. ಅಂದು ಭಾನುವಾರ, ಮೇಖ್ರಿ ವೃತ್ತದವರೆಗೆ ಒಂದು ಆಟೊ ಸಾಕಿತ್ತು. ನಿನ್ನ ಜೊತೆಗಿದ್ದರೆ ನಾನು ಬೇಕೆಂದ ಕಡೆ ಓಡಾಡಲಾಗುವುದಿಲ್ಲ ಎಂಬುದೇ ನಿಜವಾದ ಕಾರಣ. ಅದನ್ನು ಕಾಳಜಿ ಎಂದು ಕರೆದೆ. ನೀನೂ ನಂಬಿದವನಂತೆ ತಲೆಯಾಡಿಸಿದೆ. ಆ ಫಲಕ ಹಿಡಿದ ನನ್ನ ಚಿತ್ರವನ್ನು ಎಷ್ಟೋ ಜನ ಹಂಚಿಕೊಂಡರು, ಅಕ್ಷರ ಯಾರದೆಂದು ಕೇಳಿದವರಿಗೂ ನಾನು ಹೇಳಲಿಲ್ಲ. ಎಲ್ಲರೂ ಆ ಚಿತ್ರ ನೋಡಿದ್ದರಿಂದ ಈ ಪತ್ರವನ್ನೂ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಇನ್ನೊಂದು ಉಳಿದಿದೆ. 2022ರ ಜುಲೈನಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾದಾಗ ನಿನಗೆ ಉಕ್ಕಿನ ಸ್ಟ್ರಾ ತಂದುಕೊಟ್ಟೆ. ಬಿಸಿ ಕಾಫಿಗೆ ಅದು ಕಾಯುತ್ತದೆ, ಬಾಗುವುದಿಲ್ಲ, ದವಡೆ ಬಿಗಿದಾಗ ಹಲ್ಲಿಗೆ ಹೊಡೆಯುತ್ತದೆ ಎಂದು ಎರಡು ದಿನದ ಹಿಂದೆ ಇಲ್ಲಿನ ಅಂಗವಿಕಲ ಹೋರಾಟಗಾರರ ಬರಹಗಳಿಂದ ತಿಳಿದೆ. ನೀನು ಅಂದು ‘ಚೆನ್ನಾಗಿದೆ’ ಎಂದೆ. ಅದು ನಿನ್ನ ಪೆನ್ನಿನ ಡಬ್ಬಿಯಲ್ಲಿ ಯಾಕಿತ್ತೆಂದು ಈಗ ಅರ್ಥವಾಯಿತು. ಇಷ್ಟು ವರ್ಷ ಎದುರಿಗೇ ಕೂತು ಕಾಫಿ ಕುಡಿದವನು ನಿನ್ನನ್ನು ಒಮ್ಮೆ ಕೇಳಬಹುದಿತ್ತು.

ಸಾಕು, ನಿನ್ನ ಮುಖ ನನಗೆ ಕಾಣುತ್ತಿದೆ. ಡಿಸೆಂಬರ್‌ನಲ್ಲಿ ಬರುತ್ತೇನೆ. ಎಲ್ಲಿ ಕೂರುವುದು, ಎಷ್ಟು ಮೆಟ್ಟಿಲಾದರೆ ಆಗುತ್ತದೆ, ಯಾವ ಸ್ಟ್ರಾ ತರಬೇಕು ಎಲ್ಲ ನೀನೇ ಹೇಳು. ಕಾಫಿ ನನ್ನ ಲೆಕ್ಕ. ಛತ್ರಿಯ ಬಗ್ಗೆ ಮಾತ್ರ ಮಾತು ಕೊಡಲಾರೆ.

ನಿನ್ನವನೇ