ಕೊಲೆಗಾರನ ಕಥೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮ,

ನಿನ್ನ ಕಾದಂಬರಿಯ ಕರಡು ಓದಿದೆ. ಮಾತುಕತೆ ಬರೆಯುವುದರಲ್ಲಿ ನಿನ್ನ ಕೈ ಪಳಗಿದೆ. ಆದರೆ ಕೊಲೆಗಾರ ಮಾತ್ರ ನನಗೆ ಸಿಗಲೇ ಇಲ್ಲ. ಮೊದಲ ಭಾಗದಲ್ಲಿ ಅವನು ಹುಟ್ಟಾ ಕ್ರೂರಿ. ಎರಡನೇ ಭಾಗದಲ್ಲಿ ಬಡತನ ಅವನ ಕೈಗೆ ಮಚ್ಚು ಕೊಡುತ್ತದೆ. ಎರಡೂ ಸುಲಭದ ದಾರಿ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿ ತೆಗೆದು ನೋಡು. ಆ ವರ್ಷ ದೇಶದಲ್ಲಿ 28,522 ಕೊಲೆ ಕೇಸು ದಾಖಲಾದವು. ಅದರಲ್ಲಿ 9,962ಕ್ಕೆ ಕಾರಣ ಜಗಳ, ತಕರಾರು. ವೈಯಕ್ತಿಕ ದ್ವೇಷಕ್ಕೆ ಆದದ್ದು 3,761. ಏನೋ ಲಾಭಕ್ಕೆ ಅಂತ ಕೊಂದದ್ದು 1,884. ತಕರಾರು ಅಂದ ಮೇಲೆ ಕೊಂದವನಿಗೂ ಸತ್ತವನಿಗೂ ಬಹುಪಾಲು ಪರಿಚಯ ಇದ್ದೇ ಇರುತ್ತದೆ, ಅಲ್ವಾ?

ನಿನ್ನ ಕಥೆಯದ್ದೂ ಜಮೀನಿನ ಜಗಳವೇ. ಅದನ್ನು ಒಂದೇ ಪ್ಯಾರಾದಲ್ಲಿ ಮುಗಿಸಿ ನೀನು ರಕ್ತದ ಕಡೆ ಓಡಿಬಿಟ್ಟೆ. ನಾನಾಗಿದ್ದರೆ ಅಲ್ಲೇ ಕೂರುತ್ತಿದ್ದೆ. ಬದು ಒತ್ತಿದ ದಿನ ಯಾರು ಏನಂದರು? ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಕೊಟ್ಟ ಮೇಲೆ ಸರ್ವೆಯವರು ಬಂದರಾ, ಇಲ್ಲವಾ? ಸ್ಟೇಷನ್ನಿಗೆ ಹೋದಾಗ ‘ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗ್ರಿ’ ಅಂತ ವಾಪಸ್ ಕಳಿಸಿದರಾ? ಕೋರ್ಟಿನಲ್ಲಿ ಎಷ್ಟು ವಾಯಿದೆ ಬಿತ್ತು? ಚಹಾದ ಅಂಗಡಿಯಲ್ಲಿ ‘ಬಳೆ ತೊಟ್ಕೊಂಡು ಕೂತ್ಕೊ’ ಅಂತ ಚುಚ್ಚಿದವರು ಯಾರು? ಕೊಲೆಯನ್ನು ತಡೆಯಬಹುದಾಗಿದ್ದ ಜಾಗಗಳು ಇವೇ. ಎಲ್ಲವನ್ನೂ ಕುಡಿತದ ತಲೆಗೆ ಕಟ್ಟಬೇಡ. ಕುಡಿದವರೆಲ್ಲ ಕೊಲ್ಲುವುದಿಲ್ಲ.

ಇನ್ನು ಬಡತನ. ಬೆಂಗಳೂರಿನದೇ ಒಂದು ಕೇಸು ನೆನಪಿಸುತ್ತೇನೆ, ಸ್ವಾಮಿ ಶ್ರದ್ಧಾನಂದ ಅನ್ನಿಸಿಕೊಂಡಿದ್ದ ಮುರಳಿ ಮನೋಹರ ಮಿಶ್ರನದು. 1991ರಲ್ಲಿ ಅವನು ಶ್ರೀಮಂತ ಮನೆತನದ ತನ್ನ ಹೆಂಡತಿಯನ್ನು ಕೊಂದು ಮನೆಯ ಆವರಣದಲ್ಲೇ ಹೂತ. ಕೇಳಿದವರಿಗೆಲ್ಲ ಸುಳ್ಳು ಹೇಳುತ್ತಾ, ಆಕೆಯ ಆಸ್ತಿ ಮಾರುತ್ತಾ 1994ರವರೆಗೆ ಆರಾಮಾಗಿದ್ದ. ಅಲ್ಲಿ ಹಸಿವಿನ ಮಾತೇ ಇರಲಿಲ್ಲ.

ಆ ಕೇಸು ಮುಂದೆ ಹೋದ ದಾರಿಯೂ ನಿನಗೆ ಗೊತ್ತಿರಲಿ. ಸೆಷನ್ಸ್ ಕೋರ್ಟು ಗಲ್ಲು ಅಂದಿತು, ಹೈಕೋರ್ಟು ಹೌದೆಂದಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು ಅಂದರು, ಇನ್ನೊಬ್ಬರು ಜೀವಾವಧಿ ಅಂದರು. ಕೊನೆಗೆ 2008ರಲ್ಲಿ ಮೂವರ ಪೀಠ ಗಲ್ಲೂ ಬೇಡ, 14 ವರ್ಷ ಆದ ಮೇಲೆ ಬಿಡುಗಡೆಯೂ ಬೇಡ, ಸಾಯುವವರೆಗೆ ಜೈಲಿನಲ್ಲಿರಲಿ ಎಂದಿತು. ಅದೇ ಸಾಕ್ಷಿ, ಅದೇ ಕಾಗದ. ಕೂತವರು ಬದಲಾದಂತೆ ಒಬ್ಬನ ಜೀವ ಅತ್ತಿತ್ತ ಆಯಿತು. ನಾನು ಗಲ್ಲನ್ನು ಒಪ್ಪದಿರುವುದು ಈ ಕಾರಣಕ್ಕೆ. ಅವನ ಮೇಲೆ ನನಗೆ ಕರುಣೆ ಏನೂ ಇಲ್ಲ.

ಹೊರಗೆ ಬಿಡಬಾರದವರು ಇದ್ದೇ ಇರುತ್ತಾರೆ. ಹಾಗಂತ ಎಲ್ಲರನ್ನೂ ಅದೇ ಸಾಲಿಗೆ ಸೇರಿಸಬೇಡ. ರಂಗಾಯಣ ನಾಟಕ ಸಂಸ್ಥೆಯ ಹುಲುಗಪ್ಪ ಕಟ್ಟೀಮನಿ ಜೈಲಿನ ಕೈದಿಗಳಿಂದ ನಾಟಕ ಆಡಿಸಿದರು. ಅವರಲ್ಲಿ ಜೀವಾವಧಿ ಶಿಕ್ಷೆಯವರೂ ಇದ್ದರು. ಸನ್ನಡತೆ ನೋಡಿ ಬಿಡುಗಡೆ ಮಾಡುವ ಪದ್ಧತಿಯೂ ನಮ್ಮಲ್ಲಿದೆ. ನಿನ್ನ ಬದುವಿನ ಜಗಳದವನು ಹಾಗೆ ಊರಿಗೆ ವಾಪಸ್ ಬಂದರೆ ಆ ಬೀದಿಯಲ್ಲಿ ಏನಾಗುತ್ತದೆ? ಬರಿ, ಅದನ್ನು ನಮ್ಮಲ್ಲಿ ಯಾರೂ ಜಾಸ್ತಿ ಬರೆದಿಲ್ಲ.

ಇನ್ನೊಂದು ಮಾತು. ನಿನ್ನ ನ್ಯಾಯಾಧೀಶರು ಗಲ್ಲು ಅಂತ ಓದಿ ಪೆನ್ನಿನ ನಿಬ್ಬು ಮುರಿಯುತ್ತಾರೆ. ಸಿನಿಮಾ ಸಾಕು ಮಾರಾಯ! ಅಪರಾಧಿ ಎಂದು ತೀರ್ಮಾನಿಸಿದ ಮೇಲೆ ಶಿಕ್ಷೆ ಎಷ್ಟು ಅಂತ ಬೇರೆಯೇ ವಿಚಾರಣೆ ಇರುತ್ತದೆ. ಅಪರೂಪದಲ್ಲಿ ಅಪರೂಪದ ಕೇಸಿಗೆ ಮಾತ್ರ ಗಲ್ಲು ಎಂದು ಸುಪ್ರೀಂ ಕೋರ್ಟಿನ 1980ರ ಬಚ್ಚನ್ ಸಿಂಗ್ ತೀರ್ಪು ಹೇಳಿತು. ಕೃತ್ಯದ ಜೊತೆ ಮನುಷ್ಯನನ್ನೂ ನೋಡಿ ಎಂದಿತು. ಗಲ್ಲು ಕೊಡುವ ಮುಂಚೆ ಅವನ ಹಿನ್ನೆಲೆ, ಜೈಲಿನ ನಡತೆ, ಮನಸ್ಸಿನ ಸ್ಥಿತಿಯ ವರದಿ ತರಿಸಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಒಂದು ದಿನ ಸೆಷನ್ಸ್ ಕೋರ್ಟಿನಲ್ಲಿ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತು ಬಾ.

ಅಲ್ಲಿಂದ ಬಂದ ಮೇಲೆ ಸತ್ತವನ ಹೆಂಡತಿಯನ್ನು ಬರಿ. ಇನ್ನೂರು ಪುಟದಲ್ಲಿ ಅವಳು ಬರುವುದು ಒಂದೇ ಸಲ, ಅದೂ ಎದೆ ಬಡಿದುಕೊಂಡು ಅಳುವುದಕ್ಕೆ. ಜಮೀನು ಈಗ ಯಾರು ಉಳುತ್ತಾರೆ, ಮಕ್ಕಳ ಶಾಲೆ ಏನಾಯಿತು? ಸಂತ್ರಸ್ತರ ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಅಂತ ಅವಳಿಗೆ ಯಾರಾದರೂ ಹೇಳಿದರಾ? ಅವಳಿಗೆ ಗಲ್ಲೇ ಬೇಕು ಅನ್ನಿಸಿದರೆ ಹಾಗೇ ಅನ್ನಲಿ. ನನ್ನ ಅಭಿಪ್ರಾಯ ಅವಳ ಬಾಯಿಗೆ ತುರುಕಬೇಡ.

ತಿದ್ದಿದ್ದನ್ನು ದೀಪಾವಳಿ ಹೊತ್ತಿಗೆ ಕಳಿಸು. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ಕಣ್ಣು ಮೊದಲಿನಂತಿಲ್ಲ.

ಇಂತಿ,
ನಿನ್ನ ಅಕ್ಕ