ಪಾಲಹಳ್ಳಿಯ ಹಳೇ ಗೋಡೆಗಳು: ಗೆಳೆಯನಿಗೊಂದು ಪತ್ರ

ಗೆಳೆಯಾ,

ಹೇಗಿದ್ದೀಯ? ಕಬ್ಬು ಕಡಿದಾಯಿತಾ?

ನಮ್ಮ ಕಡೆ ಸಕ್ಕರೆ ಕಾರ್ಖಾನೆ ಅಂದರೆ ಮಂಡ್ಯದ ಮೈಷುಗರೇ ಮೊದಲು ಅಂತ ಹೋದ ಸಲ ಹೇಳಿದೆಯಲ್ಲ, ಅದು ಹಾಗಲ್ಲ ಕಣೋ. ಮೈಷುಗರ್ ಶುರುವಾಗಿದ್ದು 1933ರಲ್ಲಿ. ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ 1847ರಲ್ಲೇ ಕಾರ್ಖಾನೆ ಇತ್ತು. ಅಷ್ಟಗ್ರಾಮ ಶುಗರ್ ವರ್ಕ್ಸ್ ಅಂತ ಹೆಸರು. ಆಗ ಕೆಆರ್‌ಎಸ್ ಇಲ್ಲ, ವಿಶ್ವೇಶ್ವರಯ್ಯನವರು ಹುಟ್ಟಿಯೇ ಇರಲಿಲ್ಲ. ವಿರಿಜಾ ನಾಲೆಯಂಥ ಹಳೇ ನಾಲೆಗಳ ನೀರಿನಲ್ಲೇ ಕಬ್ಬು ಬೆಳೆಯುತ್ತಿತ್ತು. ರೈತರು ಆಲೆಮನೆಯಲ್ಲಿ ಮಾಡಿದ ಬೆಲ್ಲವನ್ನು ಕಾರ್ಖಾನೆಯವರು ಕೊಂಡು, ಅದನ್ನು ಶುದ್ಧ ಮಾಡಿ ಸಕ್ಕರೆ ತೆಗೆಯುತ್ತಿದ್ದರು. 1851ರ ಲಂಡನ್ನಿನ ದೊಡ್ಡ ವಸ್ತುಪ್ರದರ್ಶನದಲ್ಲಿ ಆ ಸಕ್ಕರೆಗೆ ಪದಕ ಬಂತು. ನಮ್ಮ ಆಲೆಮನೆ ಬೆಲ್ಲಕ್ಕೆ! ಓದಿದಾಗ ಮೈ ಜುಮ್ಮೆಂದಿತು.

ಆ ಕಾರ್ಖಾನೆಯ ಕಟ್ಟಡದಲ್ಲಿ ಇವತ್ತು ಎಷ್ಟು ಉಳಿದಿದೆಯೋ ಅಷ್ಟನ್ನಾದರೂ ಉಳಿಸಿಕೊಳ್ಳಬೇಕು. ಕೋಟೆ, ಅರಮನೆ, ದೇವಸ್ಥಾನಕ್ಕೆ ಬೇಲಿ ಹಾಕುತ್ತೇವೆ, ಬೋರ್ಡು ನಿಲ್ಲಿಸುತ್ತೇವೆ. ಕೊಪ್ಪರಿಗೆ ಮುಂದೆ ಬೆಂದವರಿಗೆ, ಬೆಲ್ಲದ ಗಾಡಿ ಹೊಡೆದುಕೊಂಡು ಬಂದವರಿಗೆ ಯಾವ ಶಾಸನವೂ ಇಲ್ಲ. ಅವರ ನೆನಪಿಗೆ ಇರುವುದು ಈ ಕಲ್ಲು, ಗಾರೆ ಅಷ್ಟೇ.

ಮಾರಿಷಸ್‌ನ ಬೋ ಪ್ಲಾನ್‌ನಲ್ಲಿ 1999ರಲ್ಲಿ ಮುಚ್ಚಿದ ಸಕ್ಕರೆ ಕಾರ್ಖಾನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಹಳೇ ಯಂತ್ರಗಳು ಒಳಗೇ ಇವೆ, ಜನ ದುಡ್ಡು ಕೊಟ್ಟು ನೋಡುತ್ತಾರೆ. ನಮಗೆ ಅಷ್ಟೆಲ್ಲ ಈಗಲೇ ಬೇಡ. ಮೊದಲು ಅಳತೆ ತೆಗೆದು, ಫೋಟೋ ಹಿಡಿದು, ಊರಿನ ಹಿರಿಯರ ಮಾತು ಬರೆದಿಟ್ಟರೆ ಸಾಕು. ಪುರಾತತ್ವ ಇಲಾಖೆಯ ಕಚೇರಿ ಮೈಸೂರಿನಲ್ಲೇ ಇದೆ, ಅರ್ಜಿ ಕೊಡೋಣ.

ಒಂದು ಮಾತ್ರ ನಿಮ್ಮ ಯುವಕ ಸಂಘದವರಿಗೆ ಹೇಳು. ಒಳ್ಳೇ ಮನಸ್ಸಿನಿಂದಲೇ ಆದರೂ ಹಳೇ ಗೋಡೆಗೆ ಸಿಮೆಂಟ್ ಮೆತ್ತಬಾರದು. ಸಿಮೆಂಟ್ ತೇವವನ್ನು ಹೊರಗೆ ಬಿಡುವುದಿಲ್ಲ, ಗೋಡೆ ಒಳಗಿಂದಲೇ ಪುಡಿಯಾಗುತ್ತದೆ. ಸುಣ್ಣದ ಗಾರೆಯೇ ಬೇಕು. ಸಂದಿಯಲ್ಲಿ ಅರಳಿ ಗಿಡ ಇದ್ದರೆ ಸುಮ್ನೆ ಎಳೆಯಬಾರದು, ಕಲ್ಲೂ ಜೊತೆಗೇ ಬರುತ್ತದೆ. ಮೇಲಿಂದ ಕತ್ತರಿಸಿ, ಗೊತ್ತಿದ್ದವರಿಂದ ಬೇರು ಸಾಯಿಸಬೇಕು.

ಬರುವ ಭಾನುವಾರ ಬೆಳಗಿನ ಬಸ್ಸಿಗೇ ಬರುತ್ತೇನೆ. ಅಳತೆ ಟೇಪು ನಾನು ತರುತ್ತೇನೆ. ನಿಮ್ಮ ಅಜ್ಜಿಯ ತವರು ಪಾಲಹಳ್ಳಿಯೇ ಅಲ್ವಾ? ಕಾರ್ಖಾನೆಯ ವಿಷಯ ಅವರು ಚಿಕ್ಕವರಿದ್ದಾಗ ಏನು ಕೇಳಿದ್ದರು ಅಂತ ಇವತ್ತೇ ಕೇಳು. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೋ.

ನಿನ್ನ ಗೆಳೆಯ